ಭೂಮಿ ಬೆಳೀತಿದೆಯಾ? ನಮ್ಮ ಬಾಣೆ ಬಿರಿದಿದ್ದು ಅದಕ್ಕೇನಾ?

ಪ್ರಶ್ನೆ: ನಮ್ಮದು ಮಡಿಕೇರಿ ತಾಲ್ಲೂಕು, ಮಕ್ಕಂದೂರು ಕಡೆ. ನಾಲ್ಕು ಎಕರೆ ಕಾಫಿ, ಕೆಳಗೆ ಸ್ವಲ್ಪ ಗದ್ದೆ, ನಡುವೆ ಮನೆ. 2018ರ ಗುಡ್ಡ ಕುಸಿತದಲ್ಲಿ ನಮಗೆ ಏನೂ ಆಗಲಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಮನೆಯ ಮೇಲಿನ ಬಾಣೆಯಲ್ಲಿ, ಅಂದರೆ ಗುಡ್ಡದ ಜಾಗದಲ್ಲಿ, ಅರ್ಧಚಂದ್ರಾಕಾರದ ಬಿರುಕು ಬಿಟ್ಟಿದೆ. ಸುಮಾರು ಮೂವತ್ತು ಅಡಿ ಉದ್ದ, ಮೂರು ಬೆರಳು ಅಗಲ. ಕೋಲು ಇಳಿಸಿದರೆ ನಾಲ್ಕು ಅಡಿ ಹೋಗುತ್ತದೆ. ಕಾಲೇಜಿಗೆ ಹೋಗುವ ನನ್ನ ಅಕ್ಕನ ಮಗ ಒಂದು ವಿಡಿಯೊ ತೋರಿಸಿದ. ಭೂಮಿ ಮೊದಲು ಚಿಕ್ಕದಿತ್ತಂತೆ, ಒಳಗಿನಿಂದ ಬೆಳೆಯುತ್ತಲೇ ಇದೆಯಂತೆ, ಅದಕ್ಕೇ ಖಂಡಗಳು ಹರಿದು ದೂರವಾದವಂತೆ. ಕೊಡಗಿನ ಭೂಕಂಪ, ಬಿರುಕು ಎಲ್ಲ ಅದರದೇ ಸೂಚನೆ ಅಂತ ಅವನ ವಾದ. ನಮ್ಮ ತಂದೆಯವರೂ ಬಾಣೆಯಲ್ಲಿರುವ ದೊಡ್ಡ ಬಂಡೆ ತಾವು ಚಿಕ್ಕವರಿದ್ದಾಗ ಸೊಂಟದ ಎತ್ತರಕ್ಕಿತ್ತು, ಈಗ ಎದೆಮಟ್ಟ ಬಂದಿದೆ, ಬಂಡೆ ಬೆಳೆಯುತ್ತಿದೆ ಅನ್ನುತ್ತಾರೆ. ತೋಟ ಕೊಳ್ಳಲು ಬಂದವರೊಬ್ಬರು "ಇದೆಲ್ಲ ಸೀಳಿ ಹೋಗುವ ಜಾಗ" ಎಂದು ಅರ್ಧ ಬೆಲೆ ಹೇಳುತ್ತಿದ್ದಾರೆ. ಭೂಮಿ ನಿಜವಾಗಿ ಬೆಳೆಯುತ್ತಿದೆಯೇ? ಬಿರುಕಿಗೆ ಕಾಂಕ್ರೀಟ್ ಹಾಕಿಸಲೇ? ಮಾರಿಬಿಡುವುದೇ ಒಳ್ಳೆಯದೇ? (ಹೆಸರು ಬೇಡ)

ಉತ್ತರ:

ಭೂಮಿ, ಬಂಡೆ, ಬಿರುಕು ಮೂರೂ ನಿಮ್ಮ ಪತ್ರದಲ್ಲಿ ಒಂದಕ್ಕೊಂದು ತಳಕು ಹಾಕಿಕೊಂಡಿವೆ. ಮೂರೂ ಬೇರೆ ಬೇರೆ. ತುರ್ತಿನ ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬಿರುಕಿಗೂ ಭೂಗೋಳ ಬೆಳೆಯುವುದಕ್ಕೂ ಸಂಬಂಧವಿಲ್ಲ. ಹಾಗಂತ ಬಿರುಕನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯ ಮೇಲ್ಭಾಗದಲ್ಲಿ ಅರ್ಧಚಂದ್ರಾಕಾರದಲ್ಲಿ ಬಿಟ್ಟ ಬಿರುಕು ಗುಡ್ಡ ಕುಸಿಯುವ ಸೂಚನೆ ಇರಬಹುದು, ಅದನ್ನು ಕಂಡರೆ ನಮ್ಮಂಥವರು ಮೊದಲು ಕೇಳುವುದು, "ಮನೆಯಲ್ಲಿ ಮಲಗುವವರು ಎಷ್ಟು ಜನ?" ಅಂತ. ಮುಂದಿನ ಮಳೆಗಾಲಕ್ಕೆ ಮೊದಲು ಒಂದಷ್ಟು ಕೆಲಸ ಆಗಲೇಬೇಕು. ಅದಕ್ಕೆ ಬರುತ್ತೇನೆ.

ನಿಮ್ಮ ಅಕ್ಕನ ಮಗನನ್ನು ಬೈಯಬೇಡಿ. ಅವನು ನೋಡಿದ್ದು ಯಾರೋ ನಿನ್ನೆ ಮೊನ್ನೆ ಹುಟ್ಟಿಸಿದ ಗಾಳಿಮಾತಲ್ಲ. ಅದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ, ದೊಡ್ಡ ದೊಡ್ಡವರೇ ನಂಬಿದ್ದರು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಅಂಚುಗಳು ಒಂದಕ್ಕೊಂದು ಹೊಂದುತ್ತವೆ, ಅಲ್ವಾ? ಅದನ್ನು ನೋಡಿದ ಇಟಲಿಯ ರಾಬರ್ಟೊ ಮಾಂಟೊವಾನಿ, ಭೂಮಿ ಉಬ್ಬಿದ್ದರಿಂದಲೇ ಖಂಡಗಳು ಬೇರೆಯಾದವು ಎಂದು 19ನೇ ಶತಮಾನದ ಕೊನೆಯಲ್ಲೇ ಬರೆದಿದ್ದ. 1933ರಲ್ಲಿ ಜರ್ಮನಿಯ ಹಿಲ್ಗೆನ್‌ಬರ್ಗ್ ಚಿಕ್ಕ ಗೋಳಗಳನ್ನು ಮಾಡಿ ಅವುಗಳ ಮೇಲೆ ಖಂಡಗಳನ್ನು ಅಂಟಿಸಿ ತೋರಿಸಿದ. ಸಾಗರಗಳನ್ನು ತೆಗೆದುಹಾಕಿದರೆ ಖಂಡಗಳೆಲ್ಲ ಸೇರಿ ಚಿಕ್ಕ ಭೂಮಿಯನ್ನು ಪೂರ್ತಿ ಮುಚ್ಚುತ್ತವೆ ಅನ್ನುವುದು ಅವನ ವಾದ. ನೋಡುವುದಕ್ಕೆ ಚೆನ್ನಾಗೇ ಇರುತ್ತದೆ. ಈಗಿನ ವಿಡಿಯೊಗಳಲ್ಲಿ ಕಂಪ್ಯೂಟರಿನಲ್ಲಿ ಮಾಡಿ ತೋರಿಸುವುದೂ ಇದನ್ನೇ.

ಈ ವಾದಕ್ಕೆ ಗಟ್ಟಿ ದನಿ ಕೊಟ್ಟವರು ಆಸ್ಟ್ರೇಲಿಯಾದ ಭೂವಿಜ್ಞಾನಿ ವಾರೆನ್ ಕ್ಯಾರಿ. ಆಸಾಮಿ ಸಾಮಾನ್ಯನಲ್ಲ. ಖಂಡಗಳು ಚಲಿಸುತ್ತವೆ ಎಂದರೆ ಅರ್ಧ ಜಗತ್ತು ನಗುತ್ತಿದ್ದ ಕಾಲದಲ್ಲಿ, 1956ರಲ್ಲಿ, ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಅದರ ಬಗ್ಗೆಯೇ ವಿಚಾರಗೋಷ್ಠಿ ನಡೆಸಿದವರು. ಖಂಡಗಳ ಚಲನೆಯ ವಿಷಯದಲ್ಲಿ ಅವರು ಸರಿ ಇದ್ದರು. ಕಾರಣದ ವಿಷಯದಲ್ಲಿ ತಪ್ಪಿದರು. ಸಾಗರದ ನಡುವೆ ಹೊಸ ನೆಲ ಹುಟ್ಟುವುದು ಅವರಿಗೆ ಕಂಡಿತು. ಹಳೆಯ ನೆಲ ಮತ್ತೊಂದು ಕಡೆ ಭೂಮಿಯೊಳಗೆ ಇಳಿದುಹೋಗುತ್ತದೆ ಅನ್ನುವುದನ್ನು ಒಪ್ಪಲಿಲ್ಲ. 2002ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ. ಹೊಸದು ಹುಟ್ಟುತ್ತದೆ, ಹಳೆಯದು ಎಲ್ಲೂ ಹೋಗುವುದಿಲ್ಲ ಅಂದರೆ ಭೂಮಿ ದೊಡ್ಡದಾಗಲೇಬೇಕು. ಲೆಕ್ಕ ಅಷ್ಟೇ. ಅಟ್ಲಾಂಟಿಕ್ ಸಾಗರದ ತಳದ ನಕ್ಷೆ ಮಾಡಿದ ಬ್ರೂಸ್ ಹೀಜನ್ ಕೂಡ 1960ರ ಸುಮಾರಿಗೆ ಇದನ್ನೇ ನಂಬಿದ್ದರು, ಆಮೇಲೆ ಕೈಬಿಟ್ಟರು. ಭೌತವಿಜ್ಞಾನಿ ಪಾಲ್ ಡಿರಾಕ್ 1937ರಲ್ಲಿ ಗುರುತ್ವದ ಬಲ ಕಾಲಕ್ರಮೇಣ ಕಡಿಮೆಯಾಗುತ್ತಿರಬಹುದು ಎಂದು ಊಹಿಸಿದ್ದೂ ಇವರಿಗೆ ಆಸರೆಯಾಯಿತು. ಹಿಡಿತ ಸಡಿಲಾದರೆ ಭೂಮಿ ಉಬ್ಬಬಹುದಲ್ಲ! ಅಪೊಲೊ ಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟು ದಶಕಗಳ ಕಾಲ ಅಳೆದ ಮೇಲೆ ಆ ಆಸರೆಯೂ ಹೋಯಿತು. ಭೂಮಿಯನ್ನು ಉಬ್ಬಿಸುವಷ್ಟು ಬದಲಾವಣೆ ಗುರುತ್ವದಲ್ಲಿ ಇಲ್ಲ.

ಇದಕ್ಕೂ ಮುಂಚೆ ತದ್ವಿರುದ್ಧ ಸಿದ್ಧಾಂತವೊಂದು ರಾಜ್ಯವಾಳಿತ್ತು. 19ನೇ ಶತಮಾನದ ಪಂಡಿತರು ಭೂಮಿ ತಣ್ಣಗಾಗುತ್ತಾ ಕುಗ್ಗುತ್ತಿದೆ ಅನ್ನುತ್ತಿದ್ದರು. ಕಣದಲ್ಲಿ ಒಣಗಲು ಹಾಕಿದ ಕಾಫಿ ಚೆರಿ ನೋಡಿ. ಒಳಗೆ ನೀರು ಆರಿದ ಹಾಗೆ ಸಿಪ್ಪೆ ಸುಕ್ಕುಗಟ್ಟುತ್ತದೆ. ಹಿಮಾಲಯ, ಆಲ್ಪ್ಸ್ ಎಲ್ಲ ಅಂಥ ಸುಕ್ಕುಗಳೇ ಎಂದು ಅವರ ಲೆಕ್ಕ. ಅಂದರೆ ಒಂದು ಕಾಲದಲ್ಲಿ ಭೂಮಿ ಕುಗ್ಗುತ್ತದೆ ಎಂದವರೂ ಇದ್ದರು, ಆಮೇಲೆ ಉಬ್ಬುತ್ತದೆ ಎಂದವರೂ ಇದ್ದರು. ಇಬ್ಬರ ಕೈಯಲ್ಲೂ ಆಗ ಟೇಪು ಇರಲಿಲ್ಲ.

ಈಗ ಇದೆ. ಜಿಪಿಎಸ್, ಉಪಗ್ರಹಗಳಿಗೆ ಬಿಡುವ ಲೇಸರ್, ದೂರದ ಗ್ಯಾಲಕ್ಸಿಗಳಿಂದ ಬರುವ ರೇಡಿಯೊ ಅಲೆ, ಇವನ್ನೆಲ್ಲ ಸೇರಿಸಿ ನಾಸಾದ ವಿಜ್ಞಾನಿಗಳ ತಂಡ 2011ರಲ್ಲಿ ಲೆಕ್ಕ ಹಾಕಿತು. ಭೂಮಿಯ ತ್ರಿಜ್ಯದಲ್ಲಿ ವರ್ಷಕ್ಕೆ ಕಂಡ ಸರಾಸರಿ ಬದಲಾವಣೆ 0.1 ಮಿಲಿಮೀಟರ್. ಅದೂ ಅಳತೆಯ ಏರುಪೇರಿನ ಮಿತಿಯೊಳಗೇ ಇದೆ. ಬದಲಾವಣೆ ಇಲ್ಲ ಎಂದೇ ಅರ್ಥ.

ಬೆಳೆಯುವ ಭೂಮಿಯವರ ಪ್ರಕಾರ ಎಷ್ಟಿರಬೇಕಿತ್ತು? ಈಗ ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. 20 ಕೋಟಿ ವರ್ಷದ ಹಿಂದೆ ಇದರ ಶೇ 60ರಷ್ಟೇ ಇತ್ತು ಅನ್ನುವುದು ಸುಮಾರಾಗಿ ಅವರ ವಾದ. ಹಾಗಾದರೆ ತ್ರಿಜ್ಯ ವರ್ಷಕ್ಕೆ ಒಂದೂಕಾಲು ಸೆಂಟಿಮೀಟರಿನಷ್ಟು ಬೆಳೆದಿರಬೇಕು. ಮೂವತ್ತು ವರ್ಷಕ್ಕೆ ಒಂದು ಅಡಿಗಿಂತ ಜಾಸ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಒಂದು ಜಿಪಿಎಸ್ ನಿಲ್ದಾಣವಿದೆ. ಅದು ವರ್ಷಕ್ಕೆ ಐದು ಸೆಂಟಿಮೀಟರಿನ ಆಸುಪಾಸು ಈಶಾನ್ಯಕ್ಕೆ ಸರಿಯುವುದು ಸ್ಪಷ್ಟವಾಗಿ ದಾಖಲಾಗಿದೆ. ಅಡಿಗಟ್ಟಲೆ ಮೇಲೆದ್ದದ್ದು ದಾಖಲಾಗಿಲ್ಲ. ಈ ದತ್ತಾಂಶ ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ನಿಮ್ಮ ಹುಡುಗನಿಗೆ ಹೇಳಿ, ವಿಡಿಯೊ ಬಿಟ್ಟು ಒಂದು ಸಂಜೆ ಅದನ್ನು ನೋಡಲಿ. ಅವನಿಗೇ ಖುಷಿಯಾಗುತ್ತದೆ.

ಇನ್ನೊಂದು ತೊಡಕು ತೂಕದ್ದು. ಭೂಮಿ ಬೆಳೆಯಲು ಮಾಲು ಎಲ್ಲಿಂದ ಬರಬೇಕು? ಮಾಲು ಅಷ್ಟೇ ಇತ್ತು, ಒತ್ತಿಕೊಂಡಿತ್ತು ಅಂದರೆ ಆಗಿನ ಗುರುತ್ವ ಈಗಿನದಕ್ಕಿಂತ ಎರಡೂಮುಕ್ಕಾಲು ಪಟ್ಟು ಇರಬೇಕಿತ್ತು. ಡೈನೊಸಾರ್ ನಡೆಯುವುದಿರಲಿ, ಏಳುವುದೂ ಕಷ್ಟ. ಹೊರಗಿನಿಂದ ಬಂತು ಅಂದರೆ, ಆಕಾಶದಿಂದ ಬೀಳುವ ದೂಳನ್ನು ವರ್ಷಕ್ಕೆ 40,000 ಟನ್ ಎಂದೇ ಹಿಡಿಯೋಣ. 20 ಕೋಟಿ ವರ್ಷದ ದೂಳನ್ನೆಲ್ಲ ಒಟ್ಟು ಮಾಡಿ ಭೂಮಿಯ ಮೇಲೆ ಹರಡಿದರೂ ಅರ್ಧ ಇಂಚು ದಪ್ಪ ಬರುವುದಿಲ್ಲ. ಅವರಿಗೆ ಬೇಕಾದ್ದು ಎರಡೂವರೆ ಸಾವಿರ ಕಿಲೋಮೀಟರ್! ಭೂಮಿಯ ಒಳಗೇ ಹೊಸ ದ್ರವ್ಯ ಹುಟ್ಟುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಅದಕ್ಕೆ ಯಾವ ಪುರಾವೆಯೂ ಇಲ್ಲ. ಆ ಹಂತಕ್ಕೆ ಬಂದ ಮೇಲೆ ಅದು ಭೂವಿಜ್ಞಾನ ಅಲ್ಲ, ಹಟ.

ಹಾಗಾದರೆ ಹಳೆಯ ಸಾಗರತಳ ಎಲ್ಲಿಗೆ ಹೋಯಿತು? 2004ರ ಡಿಸೆಂಬರ್ 26ರ ಸುನಾಮಿ ನೆನಪಿದೆಯಲ್ಲ. ಸುಮಾತ್ರಾದ ಪಕ್ಕ ಸಾಗರತಳದ ಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ಇನ್ನೊಂದರ ಅಡಿಗೆ ನುಗ್ಗುತ್ತಿರುತ್ತದೆ. ಸಿಕ್ಕಿಕೊಂಡಿದ್ದ ಭಾಗ ಅವತ್ತು ಒಮ್ಮೆಗೇ ಜಾರಿತು. ಕ್ಯಾರಿ ಇಲ್ಲ ಎಂದದ್ದು ಇದನ್ನೇ. ಹಾಗೆ ಒಳಗಿಳಿದ ಫಲಕಗಳು ನೂರಾರು ಕಿಲೋಮೀಟರ್ ಆಳದಲ್ಲಿ ಇರುವುದು ಭೂಕಂಪದ ಅಲೆಗಳಿಂದ ಗೊತ್ತಾಗುತ್ತದೆ. ನಮ್ಮ ಕರಾವಳಿಯಲ್ಲೂ ಕಥೆಯ ಇನ್ನೊಂದು ತುದಿ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಮತ್ತು ಭಾರತ ಬೇರೆಯಾಗುತ್ತಿದ್ದಾಗ ಉಕ್ಕಿದ ಲಾವಾ. ನಮ್ಮ ಪಶ್ಚಿಮದಲ್ಲಿ ಸಮುದ್ರ ತೆರೆದುಕೊಂಡಿತು. ಅದೇ ಭಾರತ ಉತ್ತರಕ್ಕೆ ಸರಿಯುತ್ತಾ ಹೋದಾಗ ಅಲ್ಲಿದ್ದ ಟೆಥಿಸ್ ಎಂಬ ಸಮುದ್ರ ಮುಚ್ಚಿಹೋಯಿತು, ಹಿಮಾಲಯ ಎದ್ದಿತು. ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆಯಿತು.

ಗ್ರಹಗಳ ಅಳತೆ ಬದಲಾಗುವುದೇ ಇಲ್ಲ ಅಂತಲ್ಲ. ಬುಧ ಗ್ರಹ ಒಳಗೆ ತಣ್ಣಗಾಗುತ್ತಾ ಕೆಲವು ಕಿಲೋಮೀಟರ್ ಕುಗ್ಗಿದೆ. ಅದರ ಮೈಮೇಲೆ ನೂರಾರು ಕಿಲೋಮೀಟರ್ ಉದ್ದದ ಕಡಿದಾದ ದಿಣ್ಣೆಗಳಿವೆ, ಮೆಸೆಂಜರ್ ನೌಕೆ ಅವನ್ನೆಲ್ಲ ಚಿತ್ರ ತೆಗೆದು ಕಳಿಸಿತು. ಚಂದ್ರನೂ ಹತ್ತಾರು ಮೀಟರ್ ಕುಗ್ಗಿದ್ದಾನೆ. ಗುರುವಿನ ಉಪಗ್ರಹ ಗ್ಯಾನಿಮೀಡ್ ಮಾತ್ರ ಹಿಂದೊಮ್ಮೆ ಸ್ವಲ್ಪ ಹಿಗ್ಗಿದ ಗುರುತು ತೋರಿಸುತ್ತದೆ. ಭೂಮಿಯೂ ಬೆಳೆದಿದೆ. ಆದರೆ ಅದು 450 ಕೋಟಿ ವರ್ಷಗಳ ಹಿಂದೆ, ಬಂಡೆಗಳು ಬಂದು ಬಡಿದು ಬಡಿದು ಗೋಳವಾಗುತ್ತಿದ್ದ ಕಾಲದಲ್ಲಿ. ಆ ಬೆಳವಣಿಗೆ ಮುಗಿದ ಎಷ್ಟೋ ಕೋಟಿ ವರ್ಷದ ಮೇಲೆ ಕೊಡಗಿನ ಬಂಡೆ ಹುಟ್ಟಿತು. ನಿಮ್ಮ ಕಾಲಡಿಯ ಕಲ್ಲಿಗೆ 300 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಭಾರತದ ಅತಿ ಹಳೆಯ ನೆಲಗಳಲ್ಲಿ ಕೊಡಗೂ ಒಂದು.

ಇಷ್ಟಾದ ಮೇಲೂ ಹುಡುಗ ಒಪ್ಪದಿದ್ದರೆ, ಅವನ ವಿಡಿಯೊ ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡು ಒಂದು ಲೆಕ್ಕ ಮಾಡಿ ತೋರಿಸಿ. ತ್ರಿಜ್ಯ ಒಂದೂಕಾಲು ಸೆಂಟಿಮೀಟರ್ ಬೆಳೆದರೆ ಭೂಮಿಯ 40,000 ಕಿಲೋಮೀಟರ್ ಸುತ್ತಳತೆಗೆ ವರ್ಷಕ್ಕೆ 8 ಸೆಂಟಿಮೀಟರ್ ಸೇರುತ್ತದೆ. ಸಮನಾಗಿ ಹಂಚಿದರೆ 100 ಮೀಟರ್ ಬಾಣೆಯ ಪಾಲಿಗೆ ಬರುವುದು ವರ್ಷಕ್ಕೆ 0.0002 ಮಿಲಿಮೀಟರ್. ಮೂರು ಬೆರಳಿನ ಬಿರುಕು ಬಿಡಲು ಎರಡೂವರೆ ಲಕ್ಷ ವರ್ಷ ಬೇಕು. ನಿಮ್ಮದು ಒಂದೇ ಮಳೆಗಾಲದಲ್ಲಿ ಬಿಟ್ಟಿದೆ. ಸೂರ್ಯ ಚಂದ್ರರ ಸೆಳೆತಕ್ಕೆ ನಾವು ನಿಂತ ಗಟ್ಟಿ ನೆಲವೇ ದಿನಕ್ಕೆರಡು ಸಲ ಸುಮಾರು ಒಂದು ಅಡಿ ಏರಿಳಿಯುತ್ತದೆ ಅಂದರೆ ಜನ ನಂಬುವುದಿಲ್ಲ. ಇಡೀ ಸೀಮೆ ಒಟ್ಟಿಗೇ ಏರಿಳಿಯುವುದರಿಂದ ಯಾರ ಬಾಣೆಯೂ ಬಿರಿಯುವುದಿಲ್ಲ.

ಭೂಕಂಪದ ವಿಷಯ. 2018ರ ಜುಲೈ 9ರಂದು ಕೊಡಗಿನಲ್ಲಿ ಸಣ್ಣ ಕಂಪನವಾಗಿತ್ತು. 2022ರ ಜೂನ್ ಕೊನೆಯಿಂದ ಚೆಂಬು, ಸಂಪಾಜೆ, ಕರಿಕೆ ಕಡೆ ಪದೇ ಪದೇ ನೆಲ ಅದುರಿತು, ಗುಡುಗಿನಂಥ ಸದ್ದು ಬೇರೆ. ಹೆದರಿದ್ದು ಸಹಜ. ಭೂಮಿ ಉಬ್ಬುತ್ತಿದ್ದರೆ ನೆಲದ ಪದರ ಹಿಗ್ಗಿ ಹರಿಯಬೇಕು. ದಕ್ಷಿಣ ಭಾರತದ ನೆಲ ಇರುವುದು ಒತ್ತಡದಲ್ಲಿ. ಉತ್ತರದಲ್ಲಿ ಹಿಮಾಲಯಕ್ಕೆ ಡಿಕ್ಕಿ ಹೊಡೆದು ನಿಂತಿರುವ ಭಾರತ ಇಲ್ಲಿಯವರೆಗೂ ಹಿಂಡಿಸಿಕೊಳ್ಳುತ್ತಿದೆ. 1993ರ ಲಾತೂರು, 2001ರ ಭುಜ್ ಭೂಕಂಪಗಳಲ್ಲೂ ನೆಲದ ಒಂದು ಭಾಗ ಇನ್ನೊಂದರ ಮೇಲೆ ಏರಿತ್ತು. ಹಿಗ್ಗಿ ಸೀಳುವ ನೆಲ ಹಾಗೆ ಮಾಡುವುದಿಲ್ಲ. ಕೊಡಗಿನಂಥ ಹಳೆಯ ನೆಲದಲ್ಲಿ ಹಳೆಯ ಬಿರುಕುಗಳು ಬೇಕಾದಷ್ಟಿವೆ, ಅವು ಆಗಾಗ ಸ್ವಲ್ಪ ಸರಿದು ಕೂರುತ್ತವೆ. ನೀವು ಹೇಳಿದ ಬಿರುಕು ಮಣ್ಣಿನದು, ಈ ಹಳೆಯ ಬಿರುಕುಗಳು ಆಳದ ಬಂಡೆಯವು. ರಿಕ್ಟರ್ ಮಾಪಕದಲ್ಲಿ ಮೂರರ ಆಸುಪಾಸಿನ ಕಂಪನ ಒಣ ಗುಡ್ಡವನ್ನು ಕೆಡವುವುದಿಲ್ಲ. ನೀರು ಕುಡಿದು ಜಾರಲು ಸಿದ್ಧವಾದ ಗುಡ್ಡಕ್ಕೆ ಯಾವ ನೆಪವಾದರೂ ಸಾಕು, ಅದು ಬೇರೆ ಮಾತು.

ತಂದೆಯವರ ಬಂಡೆಯನ್ನು ನಾನು ತಳ್ಳಿಹಾಕುವುದಿಲ್ಲ. ಅವರು ನೋಡಿದ್ದು ನಿಜ. ಕಲ್ಲು ಬೆಳೆಯುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಹಳೆಯದು. ಬೆಂಗಳೂರಿನ ಬಸವನಗುಡಿಯ ಬಸವ ಬೆಳೆಯುತ್ತಿದ್ದ, ತಲೆಗೆ ತ್ರಿಶೂಲ ನೆಟ್ಟ ಮೇಲೆ ನಿಂತ ಎಂದು ಕಥೆಯೇ ಇದೆ. ನಿಮ್ಮ ಬಾಣೆಯಲ್ಲಿ ಆದದ್ದು ಇಷ್ಟು: ಬಂಡೆ ಇದ್ದಲ್ಲೇ ಇದೆ, ಸುತ್ತಲಿನ ಮಣ್ಣು ಕೆಳಗೆ ಹೋಗಿದೆ. ಹೋಗಿ ಬಂಡೆಯ ಬುಡ ನೋಡಿ. ಮೇಲ್ಭಾಗದಲ್ಲಿ ಕಲ್ಲುಹೂವು, ಪಾಚಿ ದಟ್ಟವಾಗಿರುತ್ತದೆ. ಬುಡಕ್ಕೆ ಬರಬರುತ್ತಾ ತೆಳುವಾಗಿ, ಕೆಳಗಿನ ಒಂದು ಗೇಣು ಬೋಳಾಗಿ ತಿಳಿ ಬಣ್ಣಕ್ಕೆ ತಿರುಗಿರುತ್ತದೆ. ಆ ಬೋಳು ಪಟ್ಟಿ ಈಚಿನ ವರ್ಷಗಳವರೆಗೆ ಮಣ್ಣಿನೊಳಗಿತ್ತು. ಪಕ್ಕದ ಹಳೆಯ ಕಾಫಿ ಗಿಡಗಳ ಬೇರೂ ಮೇಲೆದ್ದಿರಬಹುದು, ಗಮನಿಸಿ. ಐವತ್ತು ಅರವತ್ತು ವರ್ಷದ ಕೊಡಗಿನ ಮಳೆಗೆ ಇಳಿಜಾರಿನಲ್ಲಿ ಒಂದೂವರೆ ಅಡಿ ಮಣ್ಣು ಹೋಗುವುದು ದೊಡ್ಡದಲ್ಲ. ಮೇಲಿನ ಮಣ್ಣಿನ ಭಾರ ಇಳಿದಾಗ ಬಂಡೆ ಕೂದಲೆಳೆಯಷ್ಟು ಹಿಗ್ಗಿ ಪದರ ಪದರವಾಗಿ ಎದ್ದು ಬರುವುದುಂಟು. ಬಂಡೆಯ 'ಬೆಳವಣಿಗೆ' ಅಂತ ಏನಾದರೂ ಇದ್ದರೆ ಅಷ್ಟೇ. ಆದರೆ ತಂದೆಯವರ ಮಾತಿನಿಂದ ನನಗೆ ಬೇಕಾದ ಸುದ್ದಿ ಸಿಕ್ಕಿತು. ನಿಮ್ಮ ಬಾಣೆಯ ಮಣ್ಣು ಬಹಳ ಕಾಲದಿಂದ ಕೆಳಮುಖವಾಗಿದೆ.

ಈಗ ಬಿರುಕು. ಕೊಡಗಿನಲ್ಲಿ ಗಟ್ಟಿ ಬಂಡೆಯ ಮೇಲೆ ಕೊಳೆತ ಬಂಡೆಯ ದಪ್ಪ ಪದರ, ಅದರ ಮೇಲೆ ಜೇಡಿ ಬೆರೆತ ಕೆಂಪು ಮಣ್ಣು. ಹಲವು ಕಡೆ ಇವೆರಡೂ ಸೇರಿ ಹತ್ತು ಮೀಟರ್ ದಾಟುತ್ತವೆ. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಟಣ್ ಅನ್ನುವ ಮಣ್ಣು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಬೆಣ್ಣೆಯಾಗುತ್ತದೆ. ನೀರು ಕೆಳಗಿಳಿದು ಗಟ್ಟಿ ಬಂಡೆ ಸಿಕ್ಕಿದಲ್ಲಿ ನಿಲ್ಲುತ್ತದೆ. ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿ ಕಣಗಳ ಹಿಡಿತ ತಪ್ಪುತ್ತದೆ. ಮೇಲಿನ ಭಾರ ಕೆಳಕ್ಕೆ ಎಳೆಯುತ್ತದೆ. ಜಾರಲು ಹೊರಟ ತುಂಡು ಹಿಂದಿನ ಗುಡ್ಡದಿಂದ ಕಳಚಿಕೊಳ್ಳುವ ಜಾಗದಲ್ಲಿ ಬಿರುಕು ಬಿಡುತ್ತದೆ. ಅರ್ಧಚಂದ್ರದ ಎರಡೂ ತುದಿ ಕೆಳಮುಖವಾಗಿವೆಯಲ್ಲ? ಹಾಗಿದ್ದರೆ ಅದು ಕುಸಿತದ ತಲೆ. ಬಿರುಕಿನ ಕೆಳಗಿನ ದಡ ಮೇಲಿನ ದಡಕ್ಕಿಂತ ಎರಡು ಬೆರಳಾದರೂ ತಗ್ಗಿದೆಯೇ ನೋಡಿ. ತಗ್ಗಿದ್ದರೆ ನೆಲ ಬರೀ ಒಣಗಿ ಬಿರಿದದ್ದಲ್ಲ, ಆಗಲೇ ಹೆಜ್ಜೆ ಇಟ್ಟಿದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮೊಣ್ಣಂಗೇರಿಯಲ್ಲಿ ಗುಡ್ಡಗಳು ಕೆಸರಾಗಿ ಹರಿದಾಗ ಎಲ್ಲರ ಬಾಯಲ್ಲೂ 'ಜಲಸ್ಫೋಟ' ಅನ್ನುವ ಮಾತಿತ್ತು. ನೆಲದೊಳಗೆ ಏನೋ ಸಿಡಿಯಿತು ಅಂತ. ನೀರು ನುಗ್ಗಿ ಬಂದದ್ದು ನಿಜ, ಸದ್ದೂ ನಿಜ. ಸಿಡಿಯುವಂಥದ್ದು ಒಳಗೆ ಏನೂ ಇರಲಿಲ್ಲ. ವಾರಗಟ್ಟಲೆ ಮಳೆ ಕುಡಿದ ಮಣ್ಣು ತಡೆಯಲಾರದೆ ಬಿಟ್ಟುಕೊಟ್ಟಿತು. ಆಮೇಲೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೂ ವಿಪರೀತ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದನ್ನೇ ಕಾರಣವಾಗಿ ತೋರಿಸಿದರು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಕುಸಿದದ್ದೂ ಆಗಸ್ಟ್‌ನಲ್ಲೇ. ಭೂಮಿಯ ಒಳಗಿನ ಬಲಕ್ಕೆ ತಿಂಗಳ ಲೆಕ್ಕ ಗೊತ್ತಿಲ್ಲ. ಮಳೆಗೆ ಗೊತ್ತು.

ಹಾಗಾಗಿ ನಿಮ್ಮ ಬಿರುಕಿಗೆ ಕಾರಣ ಹುಡುಕಬೇಕಾದ್ದು ಹತ್ತು ಹದಿನೈದು ಮೀಟರ್ ಆಳದೊಳಗೆ. ನನ್ನ ಅನುಭವದಲ್ಲಿ ಇಂಥ ಕಡೆ ಮೂರು ವಿಷಯ ಕೇಳಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಐದಾರು ವರ್ಷದೊಳಗೆ ಮನೆಯ ಹಿಂದೆ ಜೆಸಿಬಿಯಲ್ಲಿ ಬರೆ (ಗುಡ್ಡದ ಕಡಿದಾದ ಅಂಚು) ಕಡಿಸಿದ್ದೀರಾ? ಬಿರುಕಿನ ಮೇಲ್ಭಾಗದಲ್ಲಿ ತೊಟ್ಟಿಲು ಗುಂಡಿ (ಮಳೆನೀರು ಇಂಗಿಸಲು ಕಾಫಿ ಗಿಡಗಳ ನಡುವೆ ತೆಗೆಯುವ ಗುಂಡಿ), ಕೆರೆ, ಟ್ಯಾಂಕ್, ಸೋರುವ ಪೈಪು ಇದೆಯಾ? ದೊಡ್ಡ ಮರಗಳನ್ನು ಒಟ್ಟಿಗೆ ಕಡಿಸಿದ್ದೀರಾ? ಮರ ಕಡಿದ ವರ್ಷ ಏನೂ ಆಗುವುದಿಲ್ಲ. ಬೇರು ಕೊಳೆಯಲು ಕೆಲವು ವರ್ಷ ಬೇಕು. ಅಷ್ಟರಲ್ಲಿ ಮರ ಕಡಿದದ್ದು ಮನೆಯವರಿಗೇ ಮರೆತಿರುತ್ತದೆ.

ಕಾಂಕ್ರೀಟ್ ಬೇಡ. ಅದು ಗಡಸು, ಮಣ್ಣು ಸರಿದ ಕೂಡಲೇ ಪಕ್ಕದಲ್ಲಿ ಸೀಳು ಬಿಡುತ್ತದೆ, ನೀರು ಅಲ್ಲಿಂದ ಇಳಿಯುತ್ತದೆ. ನಿಮಗೆ ಮಾತ್ರ ಬಿರುಕು ಮುಚ್ಚಿದೆ ಅನ್ನುವ ಧೈರ್ಯ. ಅದರ ಬದಲು ಬೇಸಿಗೆಯಲ್ಲಿ ಬಿರುಕಿನುದ್ದಕ್ಕೂ ಒಂದೆರಡು ಅಡಿ ಅಗೆದು ಜೇಡಿ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ ದಮ್ಮಸು ಮಾಡಿ, ಮೇಲೆ ಉಬ್ಬಾಗಿ ಬಿಡಿ. ಮಳೆಗಾಲದಲ್ಲಿ ಮೇಲೆ ಟಾರ್ಪಾಲು ಹಾಸಿ. ಟಾರ್ಪಾಲಿನ ನೀರೆಲ್ಲ ಒಂದೇ ಕಡೆ ಬಿದ್ದು ಅಲ್ಲೇ ಇಂಗುವ ಹಾಗೆ ಮಾಡಿದರೆ ಹಾಕದಿದ್ದದ್ದೇ ವಾಸಿ ಎನಿಸುತ್ತದೆ, ಆದ್ದರಿಂದ ಅದರ ಅಂಚು ಚರಂಡಿಗೆ ಹೋಗಲಿ.

ಚರಂಡಿಯೇ ಮುಖ್ಯ ಕೆಲಸ. ಬಿರುಕಿನಿಂದ ಸಾಕಷ್ಟು ಮೇಲೆ ಅಡ್ಡ ಚರಂಡಿ ತೆಗೆದು ಮೇಲಿನ ನೀರು ಈ ಭಾಗಕ್ಕೆ ಬಾರದಂತೆ ಪಕ್ಕದ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರಿಸಿ. ಬರೀ ಮಣ್ಣಿನ ಚರಂಡಿ ಅಪಾಯ, ಅದೇ ನೀರು ಇಂಗಿಸುತ್ತದೆ. ತಳಕ್ಕೆ ಕಲ್ಲು ಸಿಮೆಂಟೋ ದಪ್ಪ ಪ್ಲಾಸ್ಟಿಕ್ಕೋ ಬೇಕು. ನೀರನ್ನು ನೆರೆಯವರ ತೋಟಕ್ಕೆ ತಿರುಗಿಸಬೇಡಿ. ಜಗಳವಂತೂ ಖಂಡಿತ, ಅಲ್ಲಿ ಬರೆ ಕುಸಿದರೆ ಅದಕ್ಕಿಂತ ದೊಡ್ಡ ತಲೆನೋವು. ಬಿರುಕಿನ ಮೇಲಿರುವ ತೊಟ್ಟಿಲು ಗುಂಡಿಗಳನ್ನು ಮುಚ್ಚಿಬಿಡಿ. ಕಾಫಿಗೆ ತೊಟ್ಟಿಲು ಗುಂಡಿ ಒಳ್ಳೆಯದು, ನಾನೂ ಒಪ್ಪುತ್ತೇನೆ, ಸಾಧಾರಣ ಇಳಿಜಾರಿನಲ್ಲಿ. ಜಾರುವ ಗುಡ್ಡದಲ್ಲಿ ನೀರು ಇಂಗಿಸುವುದು ಬೇಡವೇ ಬೇಡ. ಬೇಸಿಗೆಯಲ್ಲಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕುವಾಗಲೂ ಆ ಭಾಗವನ್ನು ಬಿಡಿ.

ಕೆಳಗೆ ತಡೆಗೋಡೆ ಕಟ್ಟಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಗೋಡೆಗೆ ಪಾಯ ತೆಗೆಯುವಾಗ ಗುಡ್ಡದ ಕಾಲನ್ನೇ ಕಡಿಯುತ್ತೀರಿ, ನೆನಪಿರಲಿ. ಮಳೆ ಹತ್ತಿರವಿದ್ದಾಗ ಆ ಕೆಲಸಕ್ಕೆ ಕೈ ಹಾಕಲೇಬಾರದು. ನೀರು ಹೊರಬರುವ ತೂತುಗಳಿಲ್ಲದ ಗೋಡೆ ಗುಡ್ಡಕ್ಕೆ ಅಣೆಕಟ್ಟು ಕಟ್ಟಿದ ಹಾಗೆಯೇ. ಮೂರ್ನಾಲ್ಕು ಅಡಿಯ ಸಣ್ಣ ಜಾರುವಿಕೆಗೆ ಗೋಡೆ ಉಪಯೋಗಕ್ಕೆ ಬರುತ್ತದೆ. ಹತ್ತು ಮೀಟರ್ ಆಳದ ಮಣ್ಣು ಹೊರಟರೆ ಗೋಡೆಯನ್ನೂ ಕರೆದುಕೊಂಡೇ ಬರುತ್ತದೆ. ಲಾವಂಚ ನೆಡಿ, ಖರ್ಚು ಕಡಿಮೆ, ಮೇಲ್ಮಣ್ಣು ನಿಲ್ಲುತ್ತದೆ. ಅದರ ಬೇರು ಎರಡು ಮೂರು ಮೀಟರ್ ಇಳಿಯುತ್ತದೆ, ಅದಕ್ಕಿಂತ ಆಳದ ಜಾರುವಿಕೆಗೆ ಅದೇನೂ ಮಾಡಲಾರದು.

ಗುಡ್ಡ ನಡೆಯುತ್ತಿದೆಯೋ ನಿಂತಿದೆಯೋ ಅನ್ನುವುದಕ್ಕೆ ನೀವೇ ಅಳೆಯಬಹುದು. ಬಿರುಕಿನ ಎರಡೂ ದಡದಲ್ಲಿ ಎದುರುಬದುರಾಗಿ ಕಬ್ಬಿಣದ ಸರಳು ಹೊಡೆಯಿರಿ, ಮಧ್ಯದಲ್ಲಿ ಒಂದು ಜೋಡಿ, ಎರಡು ತುದಿಗಳಲ್ಲಿ ಒಂದೊಂದು. ಸರಳಿನ ತಲೆಯಿಂದ ತಲೆಗೆ ಟೇಪು ಹಿಡಿದು ಮಿಲಿಮೀಟರಿನಲ್ಲಿ ಬರೆಯಿರಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು, ಮಳೆ ಹಿಡಿದ ಮೇಲೆ ದಿನಾ. ನಿಮ್ಮಲ್ಲಿ ಮಳೆಮಾಪಕ ಇದ್ದೇ ಇರುತ್ತದೆ, ಇಂಚು ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಬರೆದಿಟ್ಟ ಪುಸ್ತಕವೂ ಇರುತ್ತದೆ. ಅದೇ ಪುಸ್ತಕದಲ್ಲಿ ಪಕ್ಕಕ್ಕೆ ಇದನ್ನೂ ಬರೆಯಿರಿ. ಎಷ್ಟು ದಿನದ ಎಷ್ಟು ಮಳೆಗೆ ನಿಮ್ಮ ಗುಡ್ಡ ಅಲುಗುತ್ತದೆ ಎಂದು ಅದರಲ್ಲೇ ಕಾಣುತ್ತದೆ. ಹೊರಗಿನ ಯಾವ ತಜ್ಞನಿಗೂ ಆ ಲೆಕ್ಕ ಒಂದು ಭೇಟಿಯಲ್ಲಿ ಸಿಗುವುದಿಲ್ಲ. ಜಿಲ್ಲಾಡಳಿತಕ್ಕೆ ಅರ್ಜಿ ಕೊಟ್ಟು ಭೂವಿಜ್ಞಾನಿಗಳಿಂದ ಸ್ಥಳ ಪರಿಶೀಲನೆ ಕೇಳಿ. ಬಂದವರ ಕೈಗೆ ಈ ಪುಸ್ತಕ ಕೊಡಿ. ಮಣ್ಣಿನ ಆಳ ಎಷ್ಟು, ಜಾರುವ ಪದರ ಎಲ್ಲಿ, ಮನೆ ಅದರ ದಾರಿಯಲ್ಲಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಅದು ಬರುವವರೆಗೆ ಮಳೆ ಬಿಡದೆ ಹಿಡಿದ ದಿನಗಳಲ್ಲಿ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಅತಿ ಅನ್ನಿಸಬಹುದು. ಕೆಸರು ಬರಲು ಶುರುವಾದರೆ ಚಪ್ಪಲಿ ಹುಡುಕುವಷ್ಟೂ ಹೊತ್ತು ಸಿಗುವುದಿಲ್ಲ. ಹೊಸ ಜಾಗದಲ್ಲಿ ಒರತೆ ಎದ್ದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ, ಸುರಿಯುವ ಮಳೆಯಲ್ಲೂ ತೋಡಿನ ನೀರು ಇದ್ದಕ್ಕಿದ್ದಂತೆ ತಗ್ಗಿದರೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡರೆ, ಸಿಲ್ವರ್ ಓಕ್ ಮರಗಳು ವಾಲಿದರೆ ಹಗಲೇ ಆಗಲಿ ರಾತ್ರಿಯೇ ಆಗಲಿ ಹೊರಡಿ. ಹೋಗುವುದು ಪಕ್ಕಕ್ಕೆ, ಎತ್ತರದ ಕಡೆಗೆ. ತೋಡಿನ ದಾರಿ ಹಿಡಿದು ಕೆಳಕ್ಕೆ ಓಡಬೇಡಿ, ಕೆಸರು ಬರುವುದೂ ಅದೇ ದಾರಿಯಲ್ಲಿ. ತಂದೆಯವರಿಗೆ ವಯಸ್ಸಾಗಿದೆ ಅಂದಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರನ್ನು ನೆಂಟರ ಮನೆಯಲ್ಲಿ ಇರಿಸುವುದೇ ಸರಿ. ಅವರು ಒಪ್ಪುವುದು ಕಷ್ಟ, ಗೊತ್ತು.

ಇನ್ನು ಮಾರುವ ಮಾತು. ಅರ್ಧ ಬೆಲೆಗೆ ಕೇಳಿದವರು ಅದು ಸೀಳಿ ಹೋಗುವ ಜಾಗ ಎಂದು ನಿಜವಾಗಿ ನಂಬಿದ್ದರೆ ಕೊಳ್ಳಲು ಬರುತ್ತಿರಲಿಲ್ಲ, ಅಲ್ವಾ? ನಾಲ್ಕು ಎಕರೆಯಲ್ಲಿ ಅಪಾಯ ಬಿರುಕಿನ ಕೆಳಗಿನ ಪಟ್ಟಿಗೆ ಮಾತ್ರ ಇರಬಹುದು. ಉಳಿದ ತೋಟ ಚೆನ್ನಾಗಿದ್ದೂ ಮನೆಯನ್ನಷ್ಟೇ ಬೇರೆ ಮೂಲೆಗೆ ಸರಿಸಬೇಕಾಗಿ ಬರಬಹುದು. ಅದಕ್ಕೆ ಖರ್ಚಿದೆ, ಸುಮ್ನೆ ಆಗುವ ಮಾತಲ್ಲ. ಆದರೂ ಅರ್ಧ ಬೆಲೆಗೆ ಮಾರಿದರೆ ಆಗುವ ನಷ್ಟದ ಪಕ್ಕ ಇಟ್ಟು ನೋಡಿ. ಪರಿಶೀಲನೆಯ ವರದಿ ಕೈಗೆ ಬರುವ ಮೊದಲು, ಒಂದು ಮಳೆಗಾಲದ ಅಳತೆ ಪುಸ್ತಕದಲ್ಲಿ ಸೇರುವ ಮೊದಲು ಸಹಿ ಹಾಕಬೇಡಿ. ವರದಿ ನಿಮಗೆ ವಿರುದ್ಧವಾಗಿ ಬಂದು ಮಾರಲೇಬೇಕಾದರೆ, ಕೊಳ್ಳುವವರಿಗೆ ಬಿರುಕು ತೋರಿಸಿ, ವರದಿಯ ಪ್ರತಿ ಕೊಟ್ಟು, ಕರಾರಿನಲ್ಲಿ ಅದನ್ನು ಬರೆಸಿ ಮಾರಿ. ಅಲ್ಲಿ ಹೋಂಸ್ಟೇ ಕಟ್ಟುವ ಯೋಚನೆ ಅವರಿಗಿದ್ದರೆ ಇವತ್ತೇ ಬೇಡ ಎಂದುಬಿಡಿ.